ಸಲಾಲಾದ ಮಳೆಯಲ್ಲಿ ಮಡಲು ಹೆಕ್ಕಿದ್ದು

ಬಜ್ಪೆ

ಆಟಿ ತಿಂಗಳಲ್ಲಿ, ಎಂದರೆ ನಮ್ಮ ಜಡಿಮಳೆಯ ಕಾಲದಲ್ಲಿ, ಬಂಟ್ವಾಳದವರು ವಿಮಾನ ಹತ್ತಿ ಮಳೆ ನೋಡಲು ಹೋಗುತ್ತಾರೆಂದರೆ ಯಾರು ನಂಬುತ್ತಾರೆ? ನಾನು ಒಮಾನ್ ದೇಶದ ಸಲಾಲಾ ಎಂಬ ಊರಿಗೆ ಹೊರಟಿದ್ದೇನೆಂದು ತಿಳಿದಾಗ, ಗಲ್ಫ್ ಎಂಬ ಕಾರಣಕ್ಕೆ ನಮ್ಮ ಬೀದಿಯ ಹೆಂಗಸರಿಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಗಲ್ಫ್ ಎಂದರೆ ಬೆಳ್ತಂಗಡಿಯ ಆಚೆಗಿನ ಇನ್ನೊಂದು ತಾಲೂಕು, ಮನೆಗೊಬ್ಬ ಅಲ್ಲಿದ್ದಾನೆ. ಆಶ್ಚರ್ಯವಾದದ್ದು ಸಲಾಲಾದಲ್ಲಿ ಈಗ ಮಳೆಗಾಲವಂತೆ, ಅದನ್ನು ನೋಡಲು ಅರಬರು ಸಂಸಾರ ಸಮೇತ ದೂರದಿಂದ ಬರುತ್ತಾರಂತೆ ಎಂಬ ಮಾತಿಗೆ.

"ಮಳೆ ನೋಡ್ಲಿಕ್ಕೆ ಹೋಗುವುದಾ ಮಾರಾಯ್ತಿ? ಇಲ್ಲಿಯದ್ದೇ ಸ್ವಲ್ಪ ಕಟ್ಟಿ ಕೊಡ್ತೇನೆ, ತಗೊಂಡು ಹೋಗು" ಎಂದರು ಪಕ್ಕದ ಮನೆಯವರು.

ನಾನು ಒಬ್ಬಳೇ ಹೊರಟದ್ದಲ್ಲ. ನಮ್ಮ ಮಿಂಚುಳ್ಳಿ ದಳದ ಹುಡುಗಿಯರು ಜೊತೆಗಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಶಾಲೆಗಳ ಹುಡುಗಿಯರು ಭಾನುವಾರ ಒಟ್ಟು ಸೇರಿ ಈಜು, ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ನಕ್ಷೆ ನೋಡಿ ದಾರಿ ಹುಡುಕುವುದು, ಮೂರು ಕಲ್ಲಿನ ಒಲೆಯಲ್ಲಿ ಗಂಜಿ ಬೇಯಿಸುವುದು ಇದನ್ನೆಲ್ಲ ಕಲಿಯುವ ಬಳಗ ಅದು. ನಾನು ಮನೆವಾರ್ತೆಯ ಹೆಂಗಸು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನೇರ ಸಾಲಿನಲ್ಲಿ ನಿಲ್ಲಿಸಿ, ಕರವಸ್ತ್ರ ಮಡಚಲು ಕಲಿಸಿದ್ದು ಎಲ್ಲಿಯಾದರೂ ಉಪಯೋಗಕ್ಕೆ ಬರಲಿ ಎಂದು ಸೇರಿಕೊಂಡೆ. ಈಗ ಹುಡುಗಿಯರಿಗೆಲ್ಲ ಸುಮತಿಯಕ್ಕ.

ದಳದ ಖರ್ಚು ನಡೆಯುವುದು ಹಿಡಿಸೂಡಿಯಿಂದ. ತೆಂಗಿನ ಗರಿಯ ಕಡ್ಡಿ ಹೆರೆದು ಕಟ್ಟುವ ಅಂಗಳದ ಪೊರಕೆಗೆ ನಮ್ಮಲ್ಲಿ ಹಿಡಿಸೂಡಿ ಎನ್ನುತ್ತಾರೆ. ಹುಡುಗಿಯರು ಮನೆಮನೆಗೆ ಹೋಗಿ ಬಿದ್ದ ಮಡಲು, ಎಂದರೆ ಗರಿಯ ಸಮೇತ ಒಣಗಿದ ತೆಂಗಿನ ಸೋಗೆ, ಎಳೆದು ತರುತ್ತಾರೆ. ಕಟ್ಟಿ ಮಾರುತ್ತಾರೆ. ವಿಮಾನದ ಟಿಕೇಟಿನ ಒಂದು ಪಾಲು ಸಹ ಹಾಗೆಯೇ ಹುಟ್ಟಿತು. ಉಳಿದದ್ದು ಮನೆಯವರದು. ನಾವು ಹೊರಟದ್ದು ಸಲಾಲಾದ ಹುಡುಗಿಯರ ದಳದ ಜೊತೆ ಶಿಬಿರಕ್ಕೆ, ಅಲ್ಲಿ ಉಳಿಯುವುದು, ಉಣ್ಣುವುದು ಅವರ ಲೆಕ್ಕ. ಮುಂದೆ ಅವರು ಬಂದಾಗ ನಮ್ಮ ಲೆಕ್ಕ. ಇದೇ ನಮ್ಮೊಳಗಿನ ಒಪ್ಪಂದ.

ಊರಿನವರಿಗೆ ಇದು ತಲೆಗೆ ಹತ್ತಲಿಲ್ಲ. ದಳ ಎಂದರೆ ಪೊಲೀಸಿಗೆ ಸೇರಿಸುವ ತರಬೇತಿ ಎಂದು ಕೆಲವರು ಮೊದಲಿನಿಂದಲೂ ತಿಳಿದಿದ್ದರು. ನಾನು ಕಾನ್ವೆಂಟಿನವಳಾದ್ದರಿಂದ ಇದು ಇಗರ್ಜಿಯದ್ದು ಎಂದು ಕೆಲವರು. ಇಗರ್ಜಿಯವರು ನನ್ನ ಕುಂಕುಮ ನೋಡಿ ಇದು ಭಜನಾ ಮಂಡಳಿಯದ್ದು ಎಂದುಕೊಂಡಿದ್ದರು. ಒಮಾನಿನ ಸುದ್ದಿ ಹರಡಿದ ಮೇಲೆ ಎಲ್ಲರೂ ಒಂದೇ ಮಾತಿಗೆ ಬಂದರು: "ಇವರಿಗೆ ಫಾರಿನ್ ದುಡ್ಡು ಬರ್ತದೆ."

ಈ ಮಾತು ಬಂಟ್ವಾಳದ ಪಕ್ಕದ ಫರಂಗಿಪೇಟೆಯಿಂದ ಸಲಾಲಾಕ್ಕೆ ನಮಗಿಂತ ಮೊದಲೇ ಹೋಗಿ ಮುಟ್ಟಿತ್ತು. ನಮ್ಮ ಮಿಸ್ರಿಯಾಳ ತಂದೆ ಉಮರಬ್ಬರು ಅಲ್ಲಿ ಎಳನೀರು, ಬಾಳೆಹಣ್ಣಿನ ಅಂಗಡಿ ಇಟ್ಟಿದ್ದಾರೆ. ಮಿಸ್ರಿಯಾ ಒಂಬತ್ತನೇ ತರಗತಿಯ ಹುಡುಗಿ, ಫರಂಗಿಪೇಟೆಯಿಂದ ನಮ್ಮ ದಳಕ್ಕೆ ಸೇರಿದ ಮೊದಲನೆಯ ಬ್ಯಾರಿ ಮುಸಲ್ಮಾನರ ಹುಡುಗಿ. ಅವಳನ್ನು ನೋಡಿ ಅದೇ ಓಣಿಯ ಇನ್ನಷ್ಟು ಹುಡುಗಿಯರು ಬಂದರು. ಉಮರಬ್ಬರು ಫೋನಿನಲ್ಲಿ ಹೇಳಿದ್ದು ಸ್ಪಷ್ಟವಾಗಿತ್ತು. ಮಗಳು ಬರಲಿ, ಕಣ್ಣಾರೆ ನೋಡುತ್ತೇನೆ. ಸರಿ ಕಂಡರೆ ದಳದಲ್ಲಿ ಮುಂದುವರಿಯಲಿ, ಇಲ್ಲವಾದರೆ ಇದೇ ಕೊನೆ. ಅವರ ಮಾತಿಗೆ ಆ ಓಣಿಯ ಎಲ್ಲ ಮನೆಗಳೂ ಕಾಯುತ್ತಿದ್ದವು. ಮಿಸ್ರಿಯಾ ಬಿಟ್ಟರೆ ಫರಂಗಿಪೇಟೆಯ ಅಷ್ಟೂ ಹುಡುಗಿಯರು ಬಿಟ್ಟ ಹಾಗೆ.

ಬಜ್ಪೆಯ ವಿಮಾನ ನಿಲ್ದಾಣದಲ್ಲಿ ನಮ್ಮ ಉದ್ದದ ಪೆಟ್ಟಿಗೆಯನ್ನು ತಪಾಸಣೆಯ ಹುಡುಗಿ ತೆರೆಸಿದಳು.

"ಇದೆಂತ?"

"ಹಿಡಿಸೂಡಿ ಮೇಡಂ. ಕೆಳಗೆ ಹಲಸಿನ ಹಪ್ಪಳ ಉಂಟು" ಎಂದಳು ಚೈತ್ರಾ. ಅವಳು ಕಾಡಂಚಿನ ನೆರಿಯದವಳು, ಆನೆಯ ದಾರಿಯಲ್ಲಿ ಶಾಲೆಗೆ ಹೋಗಿ ಬೆಳೆದವಳು, ಯಾರಿಗೂ ಹೆದರುವವಳಲ್ಲ.

"ಗಲ್ಫಿಗೆ ಹಿಡಿಸೂಡಿಯಾ! ಬಾ ಇಲ್ಲಿ, ಇದೊಂದು ನೋಡು" ಎಂದು ಆಕೆ ಇನ್ನೊಬ್ಬಳನ್ನು ಕರೆದು ತೋರಿಸಿದಳು. ಇಬ್ಬರೂ ನಕ್ಕು ಪೆಟ್ಟಿಗೆ ಮುಚ್ಚಿದರು.

ವಿಮಾನದಲ್ಲಿ ನಾನು ತುಳು ಮಾತಾಡುವುದು ಕೇಳಿ ಯಾರೋ ಹಿರಿಯ ಬ್ಯಾರಿಗಳು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಶಾಲೆಯಲ್ಲಿ ಅರಬ್ಬೀ ಸಮುದ್ರಕ್ಕೆ ನೀಲಿ ಪೆನ್ಸಿಲಿನಲ್ಲಿ ಗೆರೆ ಹೊರಗೆ ಹೋಗದಂತೆ ಬಣ್ಣ ತುಂಬಿಸಿದ್ದೆ. ಈಗ ಅದರ ಮೇಲೆ ಹಾರುತ್ತಿದ್ದೆ, ಬಣ್ಣವೇನೋ ಬೂದಿ. ಆದರೂ ಹಣೆಯನ್ನು ಗಾಜಿಗೆ ಒತ್ತಿ ಮಕ್ಕಳ ಹಾಗೆ ಕುಳಿತಿದ್ದೆ.

ಸಲಾಲಾ

ಮಸ್ಕತ್ತಿನಲ್ಲಿ ವಿಮಾನ ಬದಲಿಸಿ ಸಲಾಲಾದಲ್ಲಿ ಇಳಿದೆವು. ನಾವು ಬಂದೆವು, ಪೆಟ್ಟಿಗೆ ಬರಲಿಲ್ಲ. ಅದು ಮಸ್ಕತ್ತಿನಲ್ಲೇ ಉಳಿದಿತ್ತು. ನಾಳೆ ಬರುತ್ತದೆ ಎಂದರು. ಆ ನಾಳೆ ಎಂಬುದು ನಮ್ಮ ತಾಲೂಕು ಕಚೇರಿಯ ನಾಳೆಯ ಜಾತಿಯದೇ ಎಂದು ಆಮೇಲೆ ತಿಳಿಯಿತು.

ಹೊರಗೆ ಬಂದರೆ ಮಳೆ. ಅಯ್ಯೋ, ಅದಕ್ಕೆ ಮಳೆ ಎನ್ನುವುದೇ! ಅಕ್ಕಿಹಿಟ್ಟನ್ನು ಜರಡಿಯಲ್ಲಿ ಆಡಿಸಿದ ಹಾಗೆ ನೀರಿನ ಪುಡಿ. ಆದರೆ ಹುಡುಗಿಯರು ಊರಿನ ಅಭ್ಯಾಸ ಬಿಡುತ್ತಾರೆಯೇ? ಎಲ್ಲರೂ ಒಟ್ಟಿಗೆ ಪಟಪಟನೆ ಕೊಡೆ ಬಿಡಿಸಿದರು. ಆಗ ಇಡೀ ವಿಮಾನ ನಿಲ್ದಾಣದ ಜನ ನಮ್ಮ ಕಡೆ ತಿರುಗಿದರು. ಕೊಡೆ ಹಿಡಿದವರು ನಾವು ಮಾತ್ರ. ಅವರೆಲ್ಲ ಮುಖ ಮೇಲೆತ್ತಿ ನಿಂತಿದ್ದರು. ಒಂದು ಪುಟ್ಟ ಮಗು ಅಂಗೈ ಚಾಚಿ ಹನಿ ಹಿಡಿದು ಅಮ್ಮನಿಗೆ ತೋರಿಸುತ್ತಿತ್ತು. ನನಗೆ ನಾಚಿಕೆಯಾಗಿ, "ಮುಚ್ಚಿ ಮಕ್ಕಳೇ, ಮುಚ್ಚಿ" ಎಂದೆ. ಬಂಟ್ವಾಳದಲ್ಲಿ ಈ ಮಾತನ್ನು ಆಟಿಯಲ್ಲಿ ಹೇಳಿದರೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

ಉಮರಬ್ಬರು ಕಾದು ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಮಗಳನ್ನು ನೋಡಿ ವರ್ಷವೇ ಕಳೆದಿತ್ತು. ತಬ್ಬಿಕೊಳ್ಳಲಿಲ್ಲ. ಅವಳ ಚೀಲ ತೆಗೆದುಕೊಂಡು ತೂಗಿ ನೋಡಿ, "ಎಂತ, ಕಲ್ಲು ತುಂಬಿಸಿದ್ದೀಯಾ?" ಎಂದರು. ಅವಳು "ಉಮ್ಮ ತುಂಬಿಸಿದ್ದು ಬಾಪ" ಎಂದಳು. ಗಾಡಿಯವರೆಗೂ ಅವರು ಆ ಚೀಲವನ್ನು ಯಾರಿಗೂ ಕೊಡಲಿಲ್ಲ.

ನಮ್ಮನ್ನು ಕರೆಯಲು ಅಲ್ಲಿಯ ದಳದ ಮುಖ್ಯಸ್ಥೆ ಮೌಜಾ ಬಂದಿದ್ದಳು. ನೆಲಕ್ಕೆ ಎಳೆಯುವ ಕಪ್ಪು ಉಡುಪು, ಕಣ್ಣಿಗೆ ಗಾಢ ಕಾಡಿಗೆ. ನಾನು ಇಂಗ್ಲಿಷಿನ ವಾಕ್ಯವೊಂದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

"ಎಂಚ ಉಲ್ಲರ್ ಅಕ್ಕಾ? ಊಟ ಆಯ್ತಾ?" ಎಂದಳು ಆಕೆ. ಹೇಗಿದ್ದೀರಿ ಎಂದು ಕೇಳಿದ್ದು ತುಳುವಿನಲ್ಲಿ!

ಹುಡುಗಿಯರು ಕಿರಿಚಿಯೇಬಿಟ್ಟರು! ಮೌಜಾ ಓದಿದ್ದು ಮೂಡುಬಿದಿರೆಯ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿದ್ದು. ಅದು ನನಗೆ ಗೊತ್ತಿತ್ತು, ಆ ಪರಿಚಯದಿಂದಲೇ ನಮ್ಮ ಎರಡು ದಳಗಳ ಸ್ನೇಹ ಶುರುವಾದದ್ದು. ಆದರೆ ಮಾತು ಇಷ್ಟು ಉಳಿದಿದೆ ಎಂದು ಗೊತ್ತಿರಲಿಲ್ಲ. ಅವಳ ಕನ್ನಡ ಅರ್ಧ ಹಾಸ್ಟೆಲಿನದ್ದು, ಅರ್ಧ ಬಸ್ಸಿನದ್ದು. ನಮ್ಮನ್ನು ಗಾಡಿಗೆ ಹತ್ತಿಸುವಾಗ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಉಂಟು" ಎಂದು ಥೇಟ್ ಕಂಡಕ್ಟರನ ರಾಗದಲ್ಲಿ ಹೇಳಿದಳು.

ದಾರಿಯುದ್ದಕ್ಕೂ ಹಸಿರು. ಗುಡ್ಡದ ಇಳಿಜಾರಿನಲ್ಲಿ ಸಂಸಾರಗಳು ಒದ್ದೆ ಹುಲ್ಲಿನ ಮೇಲೆ ಚಾಪೆ ಹಾಸಿ ಮಳೆಯಲ್ಲೇ ಚಹಾ ಕುದಿಸುತ್ತಿದ್ದವು. ರಸ್ತೆಯ ನಡುವೆ ಒಂಟೆಗಳ ಹಿಂಡು ಮದುವೆ ದಿಬ್ಬಣದ ಹಾಗೆ ನಿಧಾನ ಹೋಗುತ್ತಿತ್ತು. ಯಾರೂ ಹಾರನ್ ಹಾಕಲಿಲ್ಲ. "ನಮ್ಮಲ್ಲಿ ಆನೆಗೆ ಇಷ್ಟು ಮರ್ಯಾದೆ ಇಲ್ಲ ಅಕ್ಕ" ಎಂದಳು ಚೈತ್ರಾ. ಮಿಸ್ರಿಯಾ ಕಂಡ ಕಂಡ ಬೋರ್ಡುಗಳನ್ನು ಅರಬ್ಬಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಳು.

"ಏನಂತೆ ಅದು?" ಎಂದೆ.

"ಗೊತ್ತಿಲ್ಲ ಅಕ್ಕ. ಮದರಸದಲ್ಲಿ ಓದ್ಲಿಕ್ಕೆ ಕಲಿಸಿದ್ದಾರೆ. ಅರ್ಥ ಮೌಜಕ್ಕನ ಹತ್ರ ಕೇಳುವ."

ಕೇಳಿದರೆ, ಟೈರ್ ಪಂಕ್ಚರ್ ಹಾಕಲಾಗುವುದು ಎಂದಿತ್ತು.

ಮೌಜಾಳ ಮನೆ

ಶಿಬಿರ ಒಂದು ಶಾಲೆಯ ಸಭಾಂಗಣದಲ್ಲಿ. ಅದಕ್ಕೂ ಮೊದಲು ಮೌಜಾ ನಮ್ಮನ್ನು ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋದಳು. ದಪ್ಪ ರತ್ನಗಂಬಳಿಯ ಮೇಲೆ ಗೋಡೆಗೆ ಒರಗಿ ಕುಳಿತೆವು. ಖರ್ಜೂರ, ಏಲಕ್ಕಿ ಹಾಕಿದ ಕಾಫಿ, ಬೆರಳಿಗೆ ಅಂಟುವ ಹಲ್ವ. ಒಳಗಿನ ಅತ್ತೆ, ಸೊಸೆ, ನಾದಿನಿಯರೆಲ್ಲ ಬಂದು ಒಬ್ಬೊಬ್ಬರಾಗಿ ನಮ್ಮ ಹುಡುಗಿಯರ ಜಡೆ ಮುಟ್ಟಿ ನೋಡಿದರು. ಅವರ ಉಡುಪು ಮುಂದೆ ಗಿಡ್ಡ, ಹಿಂದೆ ಬಾಲದ ಹಾಗೆ ಉದ್ದ. ನಡೆದ ಹೆಜ್ಜೆಯ ಗುರುತನ್ನು ಬಾಲ ಅಳಿಸುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರಂತೆ.

ಆಮೇಲೆ ಮಣ್ಣಿನ ಚಿತ್ತಾರದ ಧೂಪಾರತಿ ಬಂತು. ಲುಬಾನ್ ಎಂಬ ಮರದ ಅಂಟು ಆ ಊರಿನ ಹೆಮ್ಮೆ, ಅದರ ಹೊಗೆ. ಎಂಥಾ ಪರಿಮಳ! ನಮ್ಮಲ್ಲಿ ಧೂಪ ಹಾಕಿದರೆಂದರೆ ಕಾರ್ಯ ಶುರುವಾಯಿತೆಂದು ಅರ್ಥ. ನಾವೆಲ್ಲ ಬೆನ್ನು ನೇರ ಮಾಡಿ, ಕಾಲು ಮಡಚಿ, ಸರಿಯಾಗಿ ಕುಳಿತೆವು. ಧೂಪ ಒಂದು ಸುತ್ತು ಬಂತು. ನಾವು ಕುಳಿತೇ ಇದ್ದೆವು. ಮೌಜಾಳ ತಾಯಿ ನಕ್ಕರು, ನಾವೂ ನಕ್ಕೆವು. ಇನ್ನೊಂದು ಸುತ್ತು ಬಂತು. ಕೊನೆಗೆ ಮೌಜಾ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕಾ, ಧೂಪ ಬಂದರೆ ಇಲ್ಲಿ ಅದು ಕೊನೆ ಸ್ಟಾಪು."

ಧೂಪದ ನಂತರ ಅತಿಥಿಗಳು ಕೂರಬಾರದಂತೆ! ಗಡಬಡಿಸಿ ಎದ್ದ ನಮ್ಮನ್ನು ನೋಡಿ ಆ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕು, ಎಲ್ಲರನ್ನೂ ಮತ್ತೆ ಕೂರಿಸಿ ಹೊಸದಾಗಿ ಕಾಫಿ ತರಿಸಿದರು.

ಎರಡನೆಯ ಕಾಫಿಗೆ ಮೌಜಾ ತನ್ನ ದಳದ ಕಷ್ಟ ಬಿಚ್ಚಿದಳು. ಅಲ್ಲಿಯೂ ಅದೇ ಕಥೆ. ಊರಲ್ಲಿ ಯಾವ ದೊಡ್ಡ ಮನುಷ್ಯ ಬಂದರೂ ಸ್ವಾಗತಕ್ಕೆ ಹುಡುಗಿಯರ ದಳವನ್ನು ಕಳಿಸಿ ಎನ್ನುತ್ತಾರೆ. ಸಮವಸ್ತ್ರ ಹಾಕಿಕೊಂಡು ಖರ್ಜೂರದ ತಟ್ಟೆ ಹಿಡಿಯುವುದೇ ಇವರ ಕೆಲಸ ಎಂದು ಜನ ತಿಳಿದಿದ್ದಾರೆ.

"ನಮ್ಮದು ಖರ್ಜೂರ ಅಲ್ಲ, ಪನ್ನೀರು ಚಿಮುಕಿಸುವುದು" ಎಂದೆ. ನಮ್ಮ ಜೊತೆ ಕೈಜೋಡಿಸುತ್ತೇವೆ ಎಂದು ಬಂದ ಕ್ಲಬ್ಬಿನವರ ಕಥೆಯನ್ನೂ ಹೇಳಿದೆ. ಹುಡುಗಿಯರಿಗೆ ತಿಂಡಿ ಅವರದು, ಆದರೆ ಅವರ ಬ್ಯಾನರು ಎಷ್ಟು ದೊಡ್ಡದೆಂದರೆ ಫೋಟೋದಲ್ಲಿ ಒಬ್ಬ ಹುಡುಗಿಯ ಮುಖವೂ ಕಾಣಲಿಲ್ಲ, ಕೆಳಗೆ ಕಾಲುಗಳು ಮಾತ್ರ.

"ಕೊಡುವವರು ಬೇಕು, ಕೊಟ್ಟವರ ಕೈ ನಮ್ಮ ಕುತ್ತಿಗೆ ಮೇಲೆ ಇರಬಾರದು" ಎಂದಳು ಮೌಜಾ. ಈ ಮಾತು ಮರುದಿನವೇ ನನ್ನೆದುರು ಬಂದು ನಿಲ್ಲುತ್ತದೆಂದು ನಾನು ಎಣಿಸಿರಲಿಲ್ಲ.

ಉಮರಬ್ಬರ ಅಂಗಡಿ

ಸಲಾಲಾದ ಒಂದು ರಸ್ತೆಗೆ ಹೋದರೆ, ಯಾರೋ ನಮ್ಮನ್ನು ತಿರುಗಿಸಿ ನಮ್ಮ ಪಕ್ಕದ ಪಾಣೆಮಂಗಳೂರಿಗೆ ತಂದು ಬಿಟ್ಟಿದ್ದಾರೆ ಎನ್ನಿಸುತ್ತದೆ. ಎರಡೂ ಕಡೆ ತೆಂಗು, ಬಾಳೆ, ಪಪ್ಪಾಯಿ. ರಸ್ತೆಬದಿಯ ಅಂಗಡಿಗಳಲ್ಲಿ ಗೊನೆ ತೂಗುಹಾಕಿದ್ದಾರೆ. ಎಳನೀರು ಕೆತ್ತುವವರು, ಕಾರು ನಿಲ್ಲಿಸಿ ಕುಡಿಯುವವರು. ಮರುಭೂಮಿಯ ದೇಶ ಎಂದು ನಾನು ತಲೆಗೆ ಕಟ್ಟಿಕೊಳ್ಳಲು ಎರಡು ಹತ್ತಿಯ ಬಟ್ಟೆ ತಂದಿದ್ದೆ!

ಉಮರಬ್ಬರು ಎಲ್ಲರಿಗೂ ಎಳನೀರು ಕೊಟ್ಟರು. ಕುಡಿದು ಆದ ಮೇಲೆ ಹೋಳು ಮಾಡಿ, ಒಳಗಿನ ಗಂಜಿ ತಿನ್ನಲು ಸಿಪ್ಪೆಯದೇ ಚಮಚ ಕೆತ್ತಿ ಕೊಟ್ಟರು. ಹುಡುಗಿಯರು ಒಂಟೆ ನೋಡಲು ಅತ್ತ ಹೋದಾಗ ನನ್ನ ಎದುರು ಸ್ಟೂಲು ಎಳೆದು ಕುಳಿತರು.

"ಅಕ್ಕಾ, ನಾನು ನೇರ ಹೇಳುವವ. ಬೇಸರ ಮಾಡ್ಬಾರ್ದು. ಫಾರಿನ್ ದುಡ್ಡಿನ ಮಾತು ನನ್ನ ಭಾವ ಫೋನ್ ಮಾಡಿ ಹೇಳಿದ. ಅದು ಹೌದೋ ಅಲ್ಲವೋ, ಇರಲಿ. ನನಗೆ ತಾಗಿದ್ದು ಬೇರೆ. ನನ್ನ ಮಗಳು ಮನೆಮನೆಗೆ ಹೋಗಿ ಮಡಲು ಬೇಡುವುದು. ನಾನು ಈ ಊರಲ್ಲಿ ಇಷ್ಟು ವರ್ಷ ಯಾಕೆ ನಿಂತದ್ದು? ಅವಳು ಯಾರ ಮೆಟ್ಟಿಲಲ್ಲೂ ನಿಲ್ಲಬಾರ್ದು ಅಂತ."

"ಬೇಡುವುದಲ್ಲ ಉಮರಬ್ಬರೇ..."

"ನೋಡುವವರಿಗೆ ಅದೇ ಅಲ್ವಾ? ಒಂದು ಕೆಲಸ ಮಾಡುವ. ನಿಮ್ಮ ದಳಕ್ಕೆ ವರ್ಷಕ್ಕೆ ಎಷ್ಟು ಬೇಕು, ನಾನು ಕೊಡ್ತೇನೆ. ಎಲ್ಲ ಮಕ್ಕಳದ್ದೂ. ನಾಳೆ ಶಿಬಿರಕ್ಕೆ ಬರ್ತೇನಲ್ಲ, ಆಗ ಹೇಳಿ. ಹಿಡಿಸೂಡಿ ಗಿಡಿಸೂಡಿ ಎಲ್ಲ ನಿಲ್ಲಿಸಿ. ಮಿಸ್ರಿಯಾ ಇರ್ತಾಳೆ, ಫರಂಗಿಪೇಟೆಯ ಎಲ್ಲರೂ ಇರ್ತಾರೆ."

ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸು ಕುಣಿಯಿತು. ಮಳೆಗಾಲದಲ್ಲಿ ಮಡಲು ಒಣಗಿಸುವ ಒದ್ದಾಟ ಇಲ್ಲ, ಬ್ಯಾನರಿನವರ ಎದುರು ಹಲ್ಲು ಗಿಂಜಬೇಕಾಗಿಲ್ಲ. ಮೇಲಿಂದ ಹುಡುಗಿಯೂ ಉಳಿಯುತ್ತಾಳೆ. ಆದರೆ ದಳ ನನ್ನೊಬ್ಬಳದಲ್ಲ. ಮಕ್ಕಳನ್ನು ಕೇಳಿ ಹೇಳುತ್ತೇನೆ ಎಂದೆ.

ಸಂಜೆ ಶಿಬಿರದಲ್ಲಿ ಚಾಪೆಯ ಮೇಲೆ ವೃತ್ತವಾಗಿ ಕೂರಿಸಿ ಕೇಳಿದೆ. ಒಬ್ಬಳು ಒಳ್ಳೆಯದಾಯಿತು ಎಂದಳು. ಇನ್ನೊಬ್ಬಳು, ಹಾಗಾದರೆ ಡೇರೆ ತೆಗೆದುಕೊಳ್ಳುವ ಎಂದಳು. ಮಿಸ್ರಿಯಾ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು.

"ನೀನು ಎಂತ ಹೇಳ್ತಿ?" ಎಂದೆ.

"ಬೇಡ ಅಕ್ಕ."

"ಯಾಕೆ?"

"ಬಾಪ ಕೊಟ್ಟರೆ ದಳ ಬಾಪನದ್ದು ಆಗ್ತದೆ. ಇವರೆಲ್ಲ ನನ್ನತ್ರ ಜಗಳ ಮಾಡುವುದಿಲ್ಲ ಮತ್ತೆ. ಚೈತ್ರಾ ನನಗೆ ಬಯ್ಯುವುದಿಲ್ಲ."

"ಬಯ್ತೇನೆ" ಎಂದಳು ಚೈತ್ರಾ.

"ಬಯ್ಲಿಕ್ಕಿಲ್ಲ ನೀನು. ಡೇರೆ ಸಿಕ್ಕಿದ ಮೇಲೆ ನೋಡು."

ಆಮೇಲೆ ಡೇರೆ ಎಂದ ಹುಡುಗಿಯೇ ಮೊದಲು ಕೈ ಎತ್ತಿ "ಬೇಡ" ಎಂದಳು. ಎಲ್ಲರೂ ಎತ್ತಿದರು. ಮಿಸ್ರಿಯಾಳಿಗೆ ತನ್ನ ಕೈಯಿಂದಲೇ ತನ್ನ ಜಾಗ ಹೋಗಬಹುದೆಂದು ಚೆನ್ನಾಗಿ ಗೊತ್ತಿತ್ತು. ಅವಳ ಕೈಯೂ ಮೇಲಿತ್ತು.

ತೆಂಗಿನ ತೋಟ

ಶಿಬಿರದ ಕೊನೆಯ ಸಂಜೆ ಮನೆಯವರಿಗೆ, ಊರವರಿಗೆ ಬಾಗಿಲು ತೆರೆದಿರುತ್ತದೆ. ಎರಡೂ ದಳಗಳು ತಮ್ಮ ಕೈಯ ಕೆಲಸವನ್ನು ಮೇಜಿನ ಮೇಲಿಟ್ಟು ಮಾರಬೇಕು. ಮೌಜಾಳ ಹುಡುಗಿಯರು ಲುಬಾನ್ ಹಾಕಿದ ಸಾಬೂನು, ಖರ್ಜೂರದ ಎಲೆಯ ಬುಟ್ಟಿ ಸಾಲಾಗಿ ಜೋಡಿಸಿದ್ದರು. ನಮ್ಮ ಮೇಜು ಬೋಳು. ಪೆಟ್ಟಿಗೆ ಇನ್ನೂ ಮಸ್ಕತ್ತಿನಲ್ಲಿತ್ತು.

ಬೆಳಿಗ್ಗೆ ನಡೆಯಲು ಹೊರಟೆವು. ಶಾಲೆಯ ಹಿಂದೆಯೇ ತೆಂಗಿನ ತೋಟ. ತೋಟದ ಅಂಚಿನಲ್ಲಿ ಬೇಲಿಯ ಈಚೆಗೆ, ರಸ್ತೆಯ ಪಕ್ಕ, ಒಂದು ರಾಶಿ.

"ಅಕ್ಕಾ! ಮಡಲು!" ಚೈತ್ರಾಳ ಕೂಗಿಗೆ ಕಾಗೆಗಳು ಎದ್ದವು. "ಒಳ್ಳೆ ಮಡಲು ಮಾರಾಯ್ರೆ! ಕೊಳೆಯಲಿಕ್ಕೆ ಬಿಟ್ಟಿದ್ದಾರೆ!"

ಕೇಳಿ ತೆಗೆಯುವ ಎಂದು ನಾನು ಹೇಳುವಷ್ಟರಲ್ಲಿ ಹುಡುಗಿಯರು ರಾಶಿಯ ಮೇಲಿದ್ದರು. ನಮ್ಮವರಿಗೆ ಬಿದ್ದ ಮಡಲು ಕಂಡರೆ ಕೈ ಸುಮ್ಮನಿರುವುದಿಲ್ಲ, ಅದು ಹುಟ್ಟುಗುಣ. ಊರಿನಲ್ಲಿ ರಸ್ತೆಗೆ ಬಿದ್ದ ಮಡಲು ಎಳೆದವರದು. ಆದರೆ ಇದು ನಮ್ಮ ಊರಲ್ಲ. ತೋಟದ ಒಳಗಿನಿಂದ ಕಾವಲುಗಾರ ಕೈಯಾಡಿಸುತ್ತ ಓಡಿ ಬಂದ. ಅವನ ಮಾತು ನಮಗೆ ತಿಳಿಯಲಿಲ್ಲ, ನಮ್ಮದು ಅವನಿಗೆ ತಿಳಿಯಲಿಲ್ಲ. ಅವನು ಯಾರಿಗೋ ಫೋನು ಮಾಡಿದ. ಬಿಳಿ ನಿಲುವಂಗಿ, ತಲೆಗೆ ಹೂವಿನ ಕಸೂತಿಯ ರುಮಾಲು, ಕೈಯಲ್ಲಿ ಬೆತ್ತ ಹಿಡಿದ ವೃದ್ಧರೊಬ್ಬರು ಪಿಕಪ್ ಗಾಡಿಯಲ್ಲಿ ಬಂದಿಳಿದರು. ತೋಟದ ಯಜಮಾನರು. ಸಿಟ್ಟು ಮಾಡಲಿಲ್ಲ, ನಮ್ಮನ್ನು ನೋಡಿದರು, ಮಡಲು ನೋಡಿದರು, ಮತ್ತೆ ನಮ್ಮನ್ನು ನೋಡಿದರು. "ಹಿಂದಿ?" ಎಂದರು, ಅಲ್ಲಿ ಅದಕ್ಕೆ ಇಂಡಿಯಾದವರು ಎಂದು ಅರ್ಥ. ನಾವು ಹೌದೆಂದು ತಲೆಯಾಡಿಸಿದೆವು. ಅವರೂ ಫೋನು ತೆಗೆದರು.

ಇವರು ಕರೆಸಿದ್ದು ಯಾರನ್ನು ಎಂದುಕೊಂಡಿದ್ದೀರಿ? ಉಮರಬ್ಬರನ್ನು! ಅವರ ಅಂಗಡಿಗೆ ಎಳನೀರು ಬರುವುದು ಇದೇ ತೋಟದಿಂದ. ಯಜಮಾನರಿಗೆ ಗೊತ್ತಿದ್ದ ಹಿಂದೂಸ್ಥಾನದವರು ಅವರೇ.

ಉಮರಬ್ಬರು ಗಾಡಿಯಿಂದ ಇಳಿದಾಗ ಮಿಸ್ರಿಯಾ ಎರಡು ಕೈಯಲ್ಲಿ ಎರಡು ಮಡಲು ಹಿಡಿದು, ಮೊಣಕಾಲಿನವರೆಗೆ ಕೆಸರಾಗಿ ನಿಂತಿದ್ದಳು. ಅವರ ಮುಖ ಹೇಗಾಯಿತೆಂದು ಬರೆಯಲು ನನಗೆ ಮನಸ್ಸಿಲ್ಲ. ಯಾವುದನ್ನು ಮಗಳು ಊರಿನಲ್ಲಿ ಮಾಡಬಾರದು ಎಂದಿದ್ದರೋ, ಅದನ್ನು ಇಲ್ಲಿ, ತಾವು ದಿನಾ ತಲೆಬಾಗಿ ಮಾತಾಡುವವರ ಎದುರಿನಲ್ಲೇ ಮಾಡುತ್ತಿದ್ದಳು.

ವೃದ್ಧರು ಮೆಲ್ಲನೆ ಏನೋ ಹೇಳಿ, ಜೇಬಿನಿಂದ ನೋಟು ತೆಗೆದು ಮಿಸ್ರಿಯಾಳ ಕಡೆ ಚಾಚಿದರು. ಕಸ ಹೆಕ್ಕುವ ಬಡ ಮಕ್ಕಳು ಎಂದು ತಿಳಿದಿರಬೇಕು. ಉಮರಬ್ಬರು ನೆಲ ನೋಡಿದರು.

ಮಿಸ್ರಿಯಾ ಕೈ ಹಿಂದೆ ಕಟ್ಟಿಕೊಂಡಳು. "ದುಡ್ಡು ಬೇಡ ಹೇಳಿ ಬಾಪ. ಮಡಲಿಗೆ ಲೆಕ್ಕ ಉಂಟು ಅಂತ ಹೇಳಿ. ಮಡಲು ಕೊಟ್ಟ ಮನೆಯವರಿಗೆ ಮೊದಲ ಹಿಡಿಸೂಡಿ. ಮತ್ತೆ ಉಳಿದದ್ದು ನಮ್ಮದು." ಸ್ವಲ್ಪ ತಡೆದು, ಇನ್ನೂ ಸಣ್ಣ ಸ್ವರದಲ್ಲಿ ಹೇಳಿದಳು: "ನಿಮ್ಮದೂ ಬೇಡ ಬಾಪ. ನಿನ್ನೆ ಎಲ್ಲರೂ ಸೇರಿ ಹೇಳಿದ್ದೇವೆ."

ಉಮರಬ್ಬರು ನನ್ನ ಕಡೆ ತಿರುಗಿದರು. "ನೀವು ಹೇಳಿಕೊಟ್ಟದ್ದಾ ಅಕ್ಕ?"

"ಇಲ್ಲ" ಎಂದೆ. "ನನ್ನನ್ನೊಬ್ಬಳನ್ನು ಕೇಳಿದ್ದರೆ ನಾನು ತಗೊಳ್ತಿದ್ದೆ."

ಅವರ ಮೀಸೆಯ ಒಂದು ತುದಿ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ.

ಅಷ್ಟರಲ್ಲಿ ಹುಡುಗಿಯರು ಕುಕ್ಕರಗಾಲಿನಲ್ಲಿ ಕುಳಿತಾಗಿತ್ತು. ಶಿಬಿರದ ಅಡುಗೆಮನೆಯಿಂದ ಒಬ್ಬಳು ಓಡಿ ಹೋಗಿ ಕತ್ತಿ ತಂದಳು. ಗರಿ ಬಿಡಿಸುವವಳು ಒಬ್ಬಳು, ಕಡ್ಡಿ ಹೆರೆಯುವವಳು ಒಬ್ಬಳು, ಬುಡ ಕುಟ್ಟಿ ಸಮ ಮಾಡುವವಳು ಒಬ್ಬಳು. ಕಟ್ಟುವುದು ಮಿಸ್ರಿಯಾ. "ಬಿಗಿ ಕಟ್ಟು, ನಿನ್ನ ಕೈ ಯಾವಾಗಲೂ ಸಡಿಲ" ಎಂದು ಚೈತ್ರಾ ಬಯ್ದಳು. "ನೀನು ಮೊದಲು ಕಡ್ಡಿ ಸರಿ ಹೆರೆ" ಎಂದು ಇವಳು. ಕಾವಲುಗಾರನೂ ಬಂದು ಗರಿ ಎಳೆದು ಕೊಡತೊಡಗಿದ. ಜರಡಿಯ ಮಳೆ ಎಲ್ಲರ ತಲೆಯ ಮೇಲೂ ಬಿಳಿಯ ಪುಡಿ ಉದುರಿಸುತ್ತಿತ್ತು.

ಮೊದಲ ಹಿಡಿಸೂಡಿ ವೃದ್ಧರ ಕೈಗೆ ಹೋಯಿತು. ಅವರು ಬೆತ್ತವನ್ನು ಉಮರಬ್ಬರ ಕೈಗೆ ಕೊಟ್ಟು, ಪಿಕಪ್ಪಿನ ಹಿಂಬದಿಗೆ ಹೋಗಿ ಒದ್ದೆ ಮರಳನ್ನು ಬರಬರನೆ ಗುಡಿಸಿ ನೋಡಿದರು. ಖುಷಿಯಾಯಿತು. ಇನ್ನೊಮ್ಮೆ ಗುಡಿಸಿದರು. ನಂತರ ಮಿಸ್ರಿಯಾಳನ್ನು ತೋರಿಸಿ ಏನೋ ಕೇಳಿದರು.

ಉಮರಬ್ಬರು ಮಗಳ ಕೆಸರುಕಾಲು ನೋಡಿದರು.

"ಎಂತ ಕೇಳಿದ್ದು?" ಎಂದೆ.

"ಯಾರ ಮಗಳು ಅಂತ."

ಅವರು ಬೆತ್ತವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಅರಬ್ಬಿಯಲ್ಲಿ ಎರಡೇ ಶಬ್ದ ಹೇಳಿ, ತಮ್ಮ ಎದೆಯನ್ನು ಬೆರಳಿನಿಂದ ತೋರಿಸಿದರು. ವೃದ್ಧರು ಅವರ ಕೈ ಹಿಡಿದು ಜೋರಾಗಿ ಕುಲುಕಿದರು. ಉಮರಬ್ಬರು ನಮಗೆ ಮಾತ್ರ ಏನೂ ಹೇಳದೆ ಗಾಡಿ ಹತ್ತಿ ಹೋದರು.

ಕೊನೆಯ ಸಂಜೆ

ಸಂಜೆ ಶಾಲೆಯ ಅಂಗಳ ತುಂಬಿತ್ತು. ನಮ್ಮ ಮೇಜಿನ ಮೇಲೆ ಹಿಡಿಸೂಡಿಗಳು ಬಟ್ಟೆಯ ಬೊಂಬೆಗಳ ಹಾಗೆ ತಲೆ ಮೇಲೆ ಮಾಡಿ ನಿಂತಿದ್ದವು. ಕೆಲವರು ಇದನ್ನು ಮನೆಯ ಅಲಂಕಾರದ ವಸ್ತು ಎಂದು ತಿಳಿದರು. ಗೋಡೆಗೆ ಹೇಗೆ ತೂಗುಹಾಕುವುದು ಎಂದು ಒಬ್ಬಾಕೆ ಕೇಳಿದಳು. ಮೌಜಾ ಗುಡಿಸಿ ತೋರಿಸಲು ಹೋಗಿ ತನ್ನ ಉಡುಪಿನ ಬಾಲದ ಮೇಲೆಯೇ ಕಾಲಿಟ್ಟು ಮುಗ್ಗರಿಸಿದಳು. ನಮ್ಮವರು ಅವರ ಸಾಬೂನು ಮಾರಿದರು, ಅವರು ನಮ್ಮ ಹಿಡಿಸೂಡಿ ಮಾರಿದರು. ಯಾರ ಮೇಜು ಯಾರದೆಂದು ಕೊನೆಗೆ ನನಗೂ ತಿಳಿಯಲಿಲ್ಲ. ನನಗೆ ಅಷ್ಟು ಸಂತೋಷವಾದ ಸಂಜೆ ಬಹಳ ಕಾಲದಿಂದ ಬಂದಿರಲಿಲ್ಲ. ಆದರೂ ಕಣ್ಣು ಗೇಟಿನ ಕಡೆಗೇ ಇತ್ತು. ಮಿಸ್ರಿಯಾಳ ಕಣ್ಣೂ ಅಲ್ಲೇ. ಚಿಲ್ಲರೆ ಕೊಡುವಾಗಲೂ ಕತ್ತು ಅತ್ತ ತಿರುಗಿಯೇ ಇತ್ತು.

ಉಮರಬ್ಬರು ಬಂದಾಗ ಅಂಗಳ ಅರ್ಧ ಖಾಲಿಯಾಗಿತ್ತು. ಮೇಜಿನ ಹತ್ತಿರ ಬರಲಿಲ್ಲ. ಗೇಟಿನ ಬಳಿಯ ಬೇವಿನ ಮರದಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು, ಗಂಟಲು ಏರಿತ್ತು. ನಾನೂ ಮಿಸ್ರಿಯಾಳೂ ಮೆಲ್ಲನೆ ಹತ್ತಿರ ಹೋದೆವು. ಆ ಕಡೆ ಫರಂಗಿಪೇಟೆಯ ಭಾವ. ಮಾತು ಬ್ಯಾರಿ ಭಾಷೆಯಲ್ಲಿ. ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಉಳಿದದ್ದನ್ನು ಮಿಸ್ರಿಯಾ ನನ್ನ ತೋಳು ಹಿಡಿದು ಪಿಸುಮಾತಿನಲ್ಲಿ ಹೇಳುತ್ತಿದ್ದಳು.

"ನೋಡಿದೆ ಮಾರಾಯ, ಕಣ್ಣಾರೆ ನೋಡಿದೆ... ಎಂತದು? ಇನ್ನೂ ಅದೇ ಹೇಳ್ತಿಯಾ?... ಫಾರಿನ್ ದುಡ್ಡಾ? ಫಾರಿನ್‌ನಲ್ಲಿ ಇರುವುದು ಯಾರು, ನೀನಾ ನಾನಾ? ನಾನು ಕೊಡ್ತೇನೆ ಅಂದೆ, ತಗೊಳ್ಳಲಿಲ್ಲ! ಇಲ್ಲಿಯ ಅರಬಿ ಕೊಟ್ಟ, ಅದನ್ನೂ ತಗೊಳ್ಳಲಿಲ್ಲ! ಮತ್ತೆ ಯಾವ ಫಾರಿನ್ ಮಾರಾಯ ನಿನ್ನದು?... ಹೌದು. ಎಲ್ಲರಿಗೂ ಹೇಳು. ಓಣಿಯಲ್ಲಿ ಎಲ್ಲರಿಗೂ. ಭಾನುವಾರ ಮಕ್ಕಳನ್ನು ಕಳಿಸ್ಲಿಕ್ಕೆ ಹೇಳು."

ಫೋನು ಇಟ್ಟು ತಿರುಗಿದರೆ ನಾವಿಬ್ಬರೂ ಎದುರಿಗೇ. ನನ್ನ ಕಣ್ಣು ಒದ್ದೆಯಾಗಿತ್ತು, ಸದ್ಯ ಮಳೆ ಇತ್ತು. ಉಮರಬ್ಬರು ಗಂಟಲು ಸರಿಮಾಡಿಕೊಂಡು ಮಗಳ ಮೇಲೆ ಬೆರಳೆತ್ತಿದರು.

"ಆದರೆ ಒಂದು ಮಾತು. ಬಿದ್ದ ಮಡಲು ಮಾತ್ರ. ನೀನು ತೆಂಗಿನ ಮರ ಹತ್ತಿದ್ದು ಗೊತ್ತಾದರೆ ನೋಡು."

"ಇಲ್ಲ ಬಾಪ" ಎಂದಳು ಮಿಸ್ರಿಯಾ. "ಚೈತ್ರಾ ಇನ್ನೂ ಕಲಿಸ್ಲಿಲ್ಲ."